ಗುಟಕಾ ಬಿಟ್ಟವರ ವಿಮಾನ

ಗುಟಕಾ ತಿನ್ನುವ ಗಂಡಸಿನ ಜೊತೆ ಬಾಳುವೆ ಮಾಡುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಗುಟಕಾ ಬಿಟ್ಟ ಗಂಡಸಿನ ಜೊತೆ ಒಂದು ಸಂಜೆ ಕಳೆದು ನೋಡಿ, ಆಮೇಲೆ ಮಾತಾಡೋಣ. ನಮ್ಮವರು ಕೂತಲ್ಲಿ ಕೂರುತ್ತಿರಲಿಲ್ಲ. ಟೆಂಪೋ ತಂದು ಅಂಗಳದಲ್ಲಿ ನಿಲ್ಲಿಸಿ ಕೈಕಾಲು ತೊಳೆದರೆಂದರೆ ಶುರು. ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಅಂಗಳಕ್ಕೆ. ಟೆಂಪೋದ ಗಾಲಿಗೆ ಒಂದು ಒದೆ ಕೊಟ್ಟು ಗಾಳಿ ನೋಡುವುದು, ಕುರಿಮರಿಯ ಹಗ್ಗ ಬಿಚ್ಚಿ ಮತ್ತೆ ಅದೇ ಗೂಟಕ್ಕೆ ಕಟ್ಟುವುದು, ಫೋನು ತೆಗೆದು ನೋಡದೆಯೇ ಜೇಬಿಗೆ ಹಾಕುವುದು. ಅಪ್ಪಿತಪ್ಪಿ ಕೂತರೆ ತೊಡೆ ಅಲ್ಲಾಡಿಸುವುದು. ನನ್ನ ಹೊಲಿಗೆ ಮಷಿನ್ನಿನ ಮೇಲಿಟ್ಟ ಗುಂಡಿ ಡಬ್ಬಿಯೂ ಅದರ ಜೊತೆ ಗಲಗಲ ಅನ್ನುತ್ತಿತ್ತು.

ನಾನೇನು ನೆಮ್ಮದಿಯಾಗಿ ಕೂತಿದ್ದೆನೆ? ಇವರು ಎದ್ದರೆ ನನ್ನ ಕಣ್ಣೂ ಎದ್ದು ಹಿಂದೆ ಹೋಗುತ್ತಿತ್ತು. ಸ್ನಾನಕ್ಕೆ ಹೋದಾಗ ಅಂಗಿಯ ಜೇಬು ನೋಡುತ್ತಿದ್ದೆ, ಪ್ಯಾಂಟಿನ ಮಡಿಕೆ ನೋಡುತ್ತಿದ್ದೆ, ಟೆಂಪೋದ ಸೀಟಿನ ಕೆಳಗೆ ಕೈ ಹಾಕಿ ತಡಕುತ್ತಿದ್ದೆ. ಬ್ಲೌಸು ಹೊಲಿಯುತ್ತ ಕೂತರೂ ಮೂಗು ಮಾತ್ರ ಬಾಗಿಲ ಕಡೆಗೆ. ಆ ಸಿಹಿ ಕಮಟು ವಾಸನೆ ಎಲ್ಲಿಂದಾದರೂ ಬಂದೀತೇ ಅಂತ. ಎಷ್ಟೋ ತೋಳುಗಳನ್ನು ಹಿಂದುಮುಂದು ಜೋಡಿಸಿ, ಬೈದುಕೊಂಡು, ಮತ್ತೆ ಬಿಚ್ಚಿದ್ದೇನೆ. ನಮ್ಮೂರು ಘೋಡಗೇರಿಯ ಹೆಂಗಸರೆಲ್ಲ ನನ್ನ ಕೈಯ ಹೊಲಿಗೆ ಈಗೀಗ ಕೆಟ್ಟಿತು ಅನ್ನತೊಡಗಿದ್ದರು.

ಸುಮ್ಮನೆ ಅನುಮಾನ ಪಡುವ ಹೆಂಗಸು ಇವಳು ಅಂದುಕೊಳ್ಳಬೇಡಿ. ಮೊದಲು ಇವರ ಬಾಯಿ ಉರಿಯತೊಡಗಿತು. ಖಾರ ತಿಂದೇ ಬೆಳೆದ ಮನುಷ್ಯ ರೊಟ್ಟಿಗೆ ಬರೀ ಮೊಸರು ಹಚ್ಚಿಕೊಂಡು ತಿನ್ನುವ ಹಾಗಾಯಿತು. ಆಮೇಲೆ ರೊಟ್ಟಿಯ ತುತ್ತು ಸಣ್ಣದಾಗುತ್ತ ಹೋಯಿತು. ಗೋಕಾಕದ ಹಲ್ಲಿನ ಡಾಕ್ಟರಮ್ಮ ಬಾಯಿ ತೆರೆಯಿರಿ ಅಂದರು. ಇವರು ತೆರೆದರು. "ಪೂರ್ತಿ ತೆಗೀರಿ" ಅಂದರು. ಅದೇ ಪೂರ್ತಿಯಾಗಿತ್ತು. ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಲ್ಲಿನ ನಡುವೆ ಇಟ್ಟರೆ ಒಳಗೆ ಹೋಗಬೇಕಂತೆ, ಆರೋಗ್ಯವಂತರ ಬಾಯಿ ಅಷ್ಟು ತೆರೆಯುತ್ತದಂತೆ. ಇವರದಕ್ಕೆ ಎರಡು ಹೋದವು. ಕೆನ್ನೆಯ ಒಳಚರ್ಮ ಅಡಿಕೆ ತಂಬಾಕಿಗೆ ಗಟ್ಟಿಯಾಗಿ ಬಿಗಿದುಕೊಂಡಿದೆ, ಹೋದದ್ದು ಪೂರ್ತಿ ತಿರುಗಿ ಬರುವ ಭರವಸೆ ಇಲ್ಲ, ಇದ್ದದ್ದು ಇದ್ದಷ್ಟೇ ಉಳಿದರೆ ಪುಣ್ಯ ಅನ್ನಿ, ಬಿಡದೆ ತಿಂದರೆ ಇದೇ ಮುಂದೆ ಕ್ಯಾನ್ಸರ್ ಆಗಬಹುದು ಅಂದರು. ಇವರು ಆ ಮಾತು ಕೇಳುತ್ತ ಗೋಡೆಯ ಮೇಲಿನ ಹಲ್ಲಿನ ಚಿತ್ರ ನೋಡುತ್ತಿದ್ದರು. ಕೇಳಿಸಿಕೊಂಡವಳು ನಾನು.

ಯಾಕೆಂದರೆ ನಾನು ಅದನ್ನು ನೋಡಿದ್ದೆ. ನನ್ನ ತವರೂರು ದಡ್ಡಿಯಲ್ಲಿ ಅಪ್ಪ ಹೋದದ್ದು ಹಾಗೆಯೇ, ಕೆನ್ನೆಗೆ ತೂತು ಬಿದ್ದು. ಕೊನೆಗೆ ಮೂಗಿನ ನಳಿಗೆಯಲ್ಲಿ ಗಂಜಿ ಬಿಡುತ್ತಿದ್ದವಳು ನಾನು. ಅಪ್ಪ ಏನೋ ಹೇಳುತ್ತಿದ್ದ, ನನಗೆ ಅರ್ಥವಾಗುತ್ತಿರಲಿಲ್ಲ, ಹೂಂ ಅನ್ನುತ್ತಿದ್ದೆ. ಅದಕ್ಕೇ ಡಾಕ್ಟರಮ್ಮನ ಮೆಟ್ಟಿಲಿಳಿಯುವಾಗಲೇ ಇವರಿಗೆ ಹೇಳಿದೆ.

"ನೋಡ್ರಿ, ಇನ್ನೊಮ್ಮೆ ಬಾಯಾಗ ಹಾಕ್ಕೊಂಡದ್ದು ನನ್ನ ಕಣ್ಣಿಗೆ ಬಿತ್ತಂದ್ರ ನಾ ದಡ್ಡಿಗೆ ಹೋಗಿ ಬಿಡ್ತೇನಿ. ತಿರುಗಿ ಬರಂಗಿಲ್ಲ. ಅಪ್ಪಂದು ನೋಡೇನಿ. ಇನ್ನೊಂದು ನೋಡಾಕ ನನ್ನ ಕಡೆ ಆಗಂಗಿಲ್ಲ."

"ಬಿಟ್ಟೇನಿ ಅಂದ್ರ ಬಿಟ್ಟೇನಿ" ಅಂದರು ಇವರು.

ಹಿಂದೆಯೂ ಹೀಗೇ ಅಂದಿದ್ದರು, ಎಷ್ಟೋ ಸಲ. ಹಾಗಾಗಿ ದಿನಾ ಸಂಜೆ ದೀಪ ಹಚ್ಚಿದ ಮೇಲೆ ನಾನೇ ತಪಾಸಣೆಗೆ ನಿಂತೆ. ಬಾಯಿ ತೆರೆಸುವುದು, ಟಾರ್ಚು ಬಿಟ್ಟು ನಾಲಿಗೆ ಕೆನ್ನೆ ನೋಡುವುದು, ಎರಡು ಬೆರಳು ಹೋಗುತ್ತವೋ ಇಲ್ಲವೋ ಅಂತ ಇಟ್ಟು ನೋಡುವುದು. ಇವರು ಸಂತೆಯಲ್ಲಿ ಹಲ್ಲು ತೋರಿಸುವ ಎತ್ತಿನ ಹಾಗೆ ಗೋಣು ಚಾಚಿ ಕೂರುತ್ತಿದ್ದರು. ನಮ್ಮ ಅತ್ತೆ ಲಗಮವ್ವನಿಗೆ ಇದನ್ನು ನೋಡಿದರೆ ಮೈಯುರಿ. ಮುದುಕಿ ಸ್ವತಃ ಎಲೆ ಅಡಿಕೆ ಚೀಲವನ್ನು ಸೊಂಟದಿಂದ ಇಳಿಸಿದವಳಲ್ಲ.

"ಎಲಿ ಅಡಕಿ ದೇವರ ಮುಂದ ಇಡ್ತೇವಿ. ಲಗ್ನಕ್ಕೂ ಅದ ಬೇಕು, ಮಣ್ಣಿಗೂ ಅದ ಬೇಕು. ಅದ್ರಾಗ ಏನ ವಿಷ ಐತೇಳವಾ? ಗಂಡಸರ ಬಾಯಾಗ ಬೆರಳ ಹಾಕತಿ, ನಿನಗ ನಾಚಿಕಿ ಇಲ್ಲ?"

"ನಿಮ್ಮ ಮಗಾ ಜೀವಂತ ಇರಬೇಕೋ ಬ್ಯಾಡೋ ಅತ್ತಿ?"

"ನನ್ನ ಮಗನ್ನ ನೀ ಒಬ್ಬಾಕೆ ಹಡದಂಗ ಮಾತಾಡ್ತಿ" ಅಂದು ಮುದುಕಿ ಮುಖ ತಿರುಗಿಸುತ್ತಿದ್ದಳು. ಆದರೆ ಆ ದಿನದಿಂದ ಮಗನ ಎದುರಿಗೆ ಚೀಲ ಬಿಚ್ಚುವುದನ್ನು ಬಿಟ್ಟಳು. ಹಿತ್ತಲಿಗೆ ಹೋಗಿ, ಕಳ್ಳಿಯ ಹಾಗೆ ಮರೆಯಲ್ಲಿ ನಿಂತು ಹಾಕಿಕೊಳ್ಳುತ್ತಿದ್ದಳು.

ಬಾಯಿಗೆ ಏನಾದರೂ ಕೊಡುತ್ತಿರಿ, ಕೈಗೆ ಏನಾದರೂ ಕೆಲಸ ಕೊಡಿ ಅಂದಿದ್ದರು ಡಾಕ್ಟರಮ್ಮ. ಬಾಯಿಗೆ ಬಡೇಸೋಪು ಕೊಟ್ಟೆ, ಏಲಕ್ಕಿ ಕೊಟ್ಟೆ, ಲವಂಗ ಕೊಟ್ಟರೆ ಉರಿಯುತ್ತದೆ ಅಂದರು. ಕೈಗೆ ಏನು ಕೊಡಲಿ? ಗುಂಡಿ ಹಚ್ಚಿಕೊಡಿ ಅಂದರೆ ಸೂಜಿ ಕಂಡರೆ ಆಗದು. ಮಗಳು ದೀಪಾ ಗೋಕಾಕದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅವಳನ್ನು ನೋಡಿ ಬರುವಾಗ ಬಸ್‌ಸ್ಟ್ಯಾಂಡಿನ ಹತ್ತಿರದ ಆಟಿಕೆ ಅಂಗಡಿಯಲ್ಲಿ ಧೂಳು ಹಿಡಿದ ಒಂದು ಡಬ್ಬಿ ಕಂಡಿತು. ಮೇಲೆ ಹಳೇ ಕಾಲದ ಯುದ್ಧ ವಿಮಾನದ ಚಿತ್ರ. ಮುಂದೆ ಪಂಕ, ಅಗಲವಾದ ರೆಕ್ಕೆ, ಹೊಟ್ಟೆಯಡಿ ಎರಡು ಗಾಲಿ. ಸ್ಪಿಟ್‌ಫೈರ್ ಅಂತ ಹೆಸರು. ಗೋಂದು ಬೇಡ, ಬಣ್ಣ ಬೇಡ, ಒತ್ತಿದರೆ ಕೂಡಿಕೊಳ್ಳುತ್ತದೆ ಅಂದ ಅಂಗಡಿಯವ. ಎಂಟು ವರ್ಷದ ಮಕ್ಕಳೂ ಮಾಡುತ್ತಾರೆ ಅಂತಲೂ ಅಂದ. ಹಾಗಾದರೆ ನಮ್ಮವರಿಗೂ ಆದೀತು ಅಂತ ತಂದೆ.

ಇವರು ಡಬ್ಬಿ ನೋಡಿ ನನ್ನ ಮುಖ ನೋಡಿದರು.

"ನಾ ಏನ ಸಣ್ಣ ಹುಡುಗೇನು?"

"ಸಣ್ಣ ಹುಡುಗ್ರು ಬಾಯಾಗ ಮಣ್ಣ ಹಾಕ್ಕೊಂತಾವು. ನೀವು ಏನ ಹಾಕ್ಕೊಂತಿದ್ರಿ ನೆನಪ ಮಾಡ್ಕೋರಿ" ಅಂದೆ.

ಎರಡು ದಿನ ಡಬ್ಬಿ ಮುಟ್ಟಲಿಲ್ಲ. ಮೂರನೇ ಸಂಜೆ ಹಿತ್ತಲು ಅಂಗಳ ಮಾಡಿ ಮಾಡಿ ಸಾಕಾಗಿ, ಕಟ್ಟೆಯ ಮೇಲೆ ಕೂತು ಅದನ್ನು ಬಿಚ್ಚಿದರು. ಒಳಗೆ ಹಸಿರು ಪ್ಲಾಸ್ಟಿಕ್ಕಿನ ಚೌಕಟ್ಟುಗಳು. ಒಂದೊಂದು ಚೌಕಟ್ಟಿಗೂ ರೆಕ್ಕೆ, ಬಾಲ, ಕಾಲು ಅಂತ ಬೇರೆಬೇರೆ ಭಾಗ ಅಂಟಿಕೊಂಡಿದ್ದವು, ಪಕ್ಕದಲ್ಲಿ ನಂಬರು. ಮಿಕ್ಕ ಸಣ್ಣಪುಟ್ಟವು ಬೇರೆ ಒಂದು ಪುಟ್ಟ ಪಾಕೀಟಿನಲ್ಲಿದ್ದವು: ಗಾಲಿಗಳು, ಪಂಕದ ಚೂಪು ಮೂಗು, ಬೆರಳ ತುದಿಯಷ್ಟು ದೊಡ್ಡ ಪೈಲಟ್. ಅವು ಕಡೆಗೆ ಬೇಕಾಗುವವು, ಕಳೆದುಹೋದಾವು ಅಂತ ಪಾಕೀಟನ್ನು ಹಾಗೇ ತೆಗೆದಿಟ್ಟರು. ನನ್ನ ದಾರ ಕತ್ತರಿಸುವ ಪುಟ್ಟ ಕತ್ತರಿ ಕೇಳಿದರು. ಅದನ್ನು ನಾನು ಯಾರಿಗೂ ಕೊಡುವುದಿಲ್ಲ, ಆದರೂ ಕೊಟ್ಟೆ.

ಮೊದಲ ದಿನ ವಿಮಾನದ ಹೊಟ್ಟೆಯ ಎರಡು ಹೋಳು ಕೂಡಿಸಲು ಹೋಗಿ ಎಡಬಲ ತಪ್ಪಿಸಿದರು. ಹತ್ತಲಿಲ್ಲ. ಟೆಂಪೋ ರಿಪೇರಿ ಮಾಡುವ ಬುದ್ಧಿ, ಹತ್ತದಿದ್ದರೆ ಗುದ್ದುವುದು. ಕಲ್ಲು ಹುಡುಕತೊಡಗಿದರು. ನಾನು ಮಷಿನ್ ಬಿಟ್ಟು ಎದ್ದು ಹೋಗಿ ಹಾಳೆಯ ಚಿತ್ರ ತೋರಿಸಿದೆ. ಒಂದು ಹೋಳಿಗೆ ಮೊಳೆಯಂಥ ಸಣ್ಣ ಕಡ್ಡಿ, ಇನ್ನೊಂದಕ್ಕೆ ತೂತು. ಕಡ್ಡಿ ತೂತಿನ ಎದುರಿಗೆ ನಿಲ್ಲಿಸಿ ಎರಡು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಒತ್ತಿದರು. ಟಕ್ ಅಂತು.

ಇವರ ಮುಖ ನೋಡಬೇಕಿತ್ತು. ಬಿಚ್ಚಿ ಮತ್ತೆ ಒತ್ತಿದರು. ಟಕ್. ಇನ್ನೊಮ್ಮೆ. ಆ ಸಂಜೆ ಅದೊಂದನ್ನೇ ಎಷ್ಟು ಸಲ ಮಾಡಿದರೋ ದೇವರಿಗೇ ಗೊತ್ತು. ನಾನು ತಲೆಚಿಟ್ಟು ಹಿಡಿಯುತ್ತದೆ ಅಂತ ಕೂಗಲು ಬಾಯಿ ತೆರೆದೆ, ಆಗ ಗಮನಿಸಿದೆ, ತೊಡೆ ಅಲ್ಲಾಡುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡೆ. ಅಲ್ಲಿಂದ ಮುಂದೆ ಮಷಿನ್ ತುಳಿಯುತ್ತಿದ್ದರೂ ನನ್ನ ಕಿವಿ ಆ ಟಕ್ ಸದ್ದಿಗೆ ಕಾಯತೊಡಗಿತು. ಅದು ಕೇಳುತ್ತಿರುವವರೆಗೆ ಮನುಷ್ಯ ಕಟ್ಟೆಯ ಮೇಲಿದ್ದಾನೆ ಅಂತ ಅರ್ಥ. ಸ್ವಲ್ಪ ಹೊತ್ತು ಕೇಳಿಸದಿದ್ದರೆ ತುಳಿಯುವುದನ್ನು ನಿಲ್ಲಿಸಿ ಗೋಣು ಹೊರಳಿಸುತ್ತಿದ್ದೆ.

ಹೀಗೆ ರೆಕ್ಕೆ ಕೂಡಿತು, ಬಾಲ ಕೂಡಿತು, ಹೊಗೆ ಕೊಳವೆಗಳು ಕೂಡಿದವು. ಹತ್ತಿದ್ದನ್ನು ಮರುದಿನ ಬಿಚ್ಚಿ ಮತ್ತೆ ಹಚ್ಚುತ್ತಿದ್ದರಾದ್ದರಿಂದ ಕೆಲಸ ಮುಂದೆ ಸಾಗಿದ್ದು ನಿಧಾನಕ್ಕೆ. ಅತ್ತೆ ಒಂದು ದಿನ ಅದನ್ನು ಎತ್ತಿಕೊಂಡು ಹಿಂದೆ ಮುಂದೆ ನೋಡಿ, "ಇದಕ್ಕ ಇಷ್ಟ ಸಣ್ಣ ಬಾಲ ಇದ್ರ ಹೆಂಗ ಹಾರತೈತೋ ಮಾಲಿಂಗಾ?" ಅಂತ ಮಗನನ್ನು ಕೇಳಿದಳು. ಇವರು ಅದಕ್ಕೆ ಉತ್ತರವಾಗಿ ಮೂತಿ, ರೆಕ್ಕೆ, ಗಾಳಿ ಅಂತ ತಮಗೇ ಗೊತ್ತಿಲ್ಲದ್ದನ್ನೆಲ್ಲ ಹೇಳಿದರು. ತಾಯಿ ಮಗ ಇಬ್ಬರೂ ನಕ್ಕರು. ನನಗೂ ಒಂದು ಗಳಿಗೆ ಎಲ್ಲ ಸರಿಹೋದೀತು ಅನ್ನಿಸಿತು. ಆದರೆ ಆ ಗಳಿಗೆಯಲ್ಲೂ ನಾನು ಇವರ ಹಲ್ಲಿನ ಬಣ್ಣ ನೋಡುತ್ತಿದ್ದೆ.

ಕಬ್ಬಿನ ಹಂಗಾಮು ಶುರುವಾಯಿತು. ಅವತ್ತು ಇವರು ಮೂಡಲಗಿಯಿಂದ ಸಂಕೇಶ್ವರಕ್ಕೆ ಮಾಲು ಹಾಕಿ, ಸಂಜೆಗೆ ಮುಂಚೆಯೇ ಬಂದರು. ಬರುತ್ತಲೇ ಗೊತ್ತಾಯಿತು ದಿನ ಸರಿಯಿಲ್ಲ ಅಂತ. ಕುರಿಮರಿಗೆ ಬೈದರು. ಚಹಾ ಅರ್ಧ ಕುಡಿದು ಇಟ್ಟರು. ಆಮೇಲೆ ತಾವೇ ಹೇಳಿದರು.

"ಇವತ್ತ ಭಾಳ ನೆನಪಾತು. ಮೂಡಲಗ್ಯಾಗ ಲೋಡ್ ಮಾಡುವಾಗ ಹಮಾಲ ಯಲ್ಲಾಲಿಂಗ ಗುಟಕಾ ಹಿಡದ ಕೈ ಮುಂದ ಮಾಡಿದಾ. ಒಲ್ಲೆ ಅಂದೆ. 'ಯಾಕಪಾ, ನಮ್ಮ ಕೈಯಾಗಿಂದು ನಡೆಯಂಗಿಲ್ಲೇನು' ಅಂದಾ. ಎಲ್ಲಾರೂ ನಕ್ರು."

ಆ ಮಾತಿಗೆ ಒಳ್ಳೇ ಹೆಂಡತಿ ಏನು ಹೇಳುತ್ತಾಳೋ ಗೊತ್ತಿಲ್ಲ. ನಾನು, "ಮುಖಾ ತೊಳಕೊಂಡ ಬರ್ರಿ" ಅಂದೆ, ಅವರು ಬಚ್ಚಲಿಗೆ ಹೋಗುತ್ತಲೇ ಗೂಟಕ್ಕೆ ಹಾಕಿದ ಅಂಗಿಯ ಜೇಬಿಗೆ ಕೈ ಹಾಕಿದೆ. ಜೇಬಿನಲ್ಲಿ ಬಡೇಸೋಪು ಇತ್ತು. ತಿರುಗಿ ನೋಡಿದರೆ ಇವರು ಟವೆಲು ಮರೆತು ಬಂದವರು ಬಾಗಿಲಲ್ಲಿ ನಿಂತಿದ್ದರು. ಟವೆಲು ತೆಗೆದುಕೊಂಡು ಹೋದರು.

ಹೊರಗೆ ಬಂದು ಕಟ್ಟೆಯ ಮೇಲೆ ವಿಮಾನ ಹಿಡಿದುಕೊಂಡು ಕೂತರು, ನನಗೆ ಬೆನ್ನು ಮಾಡಿ. ನಾನು ಮಷಿನ್ ಮೇಲೆ. ಅತ್ತೆ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಳು. ಇವರ ತೊಡೆ ಮತ್ತೆ ಅಲ್ಲಾಡುತ್ತಿತ್ತು. ಒಂದು ಟಕ್ ಕೇಳಿಸಿತು, ಆಮೇಲೆ ಇಲ್ಲ. ನಾನು ತೋಳಿಗೆ ಅಂಚು ಹೊಲಿಯುತ್ತಿದ್ದೆ, ಅರ್ಧಕ್ಕೆ ಬಿಡುವ ಹಾಗಿರಲಿಲ್ಲ, ಮುಗಿಸಿ ತಲೆ ಎತ್ತಿದೆ.

ಇವರ ಕೈ ಬಾಯಿಯ ಹತ್ತಿರ ಹೋಯಿತು. ಹಲ್ಲಿನಲ್ಲಿ ಏನೋ ಕಚ್ಚಿ ಪಕ್ಕಕ್ಕೆ ಎಳೆದರು, ಪ್ಲಾಸ್ಟಿಕ್ಕು ಹರಿದ ಸದ್ದು ಬಂತು. ಗೋಣು ಹಿಂದಕ್ಕೆ ಚೆಲ್ಲಿದರು. ಪಾಕೀಟು ಬಾಯಿಯ ಮೇಲೆ ಬೋರಲಾಯಿತು. ತೋರುಬೆರಳಿನಿಂದ ಅದರ ತಳಕ್ಕೆ ಎರಡು ಸಲ ತಟ್ಟಿದರು, ಒಳಗಿನದೆಲ್ಲ ಬಿತ್ತೋ ಇಲ್ಲವೋ ಅಂತ.

ಅದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅಪ್ಪ ಹಾಗೇ ತಟ್ಟುತ್ತಿದ್ದ.

ಹೇಗೆ ಎದ್ದೆ, ಹೇಗೆ ಹೊಸ್ತಿಲು ದಾಟಿದೆ ತಿಳಿಯದು. ಕುರ್ಚಿ ಬಿದ್ದದ್ದು ಮಾತ್ರ ಕೇಳಿಸಿತು. ಹಿಂದಿನಿಂದ ಹೋಗಿ ಒಂದು ಕೈಯಿಂದ ದವಡೆ ಹಿಡಿದೆ, ಇನ್ನೊಂದು ಕೈಯ ಬೆರಳನ್ನು ಬಾಯಿಯೊಳಗೆ ತುರುಕಿದೆ. "ಉಗುಳ್ರಿ! ಉಗುಳ್ರಿ ಅದನ್ನ!" ಇವರು ಕೊಸರಿದರು, ಕೆಮ್ಮಿದರು. ನಾನು ಬಿಡಲಿಲ್ಲ. ಬಾಯಿ ತೆರೆಯುವಷ್ಟೇ ತೆರೆಯುವುದು ಅಂತ ಗೊತ್ತಿದ್ದೂ ಎಳೆದೆ. ಅತ್ತೆ ಮೊರ ಬಿಸಾಕಿ ಕೂಗುತ್ತ ಬಂದಳು, "ಬಿಡಽ, ನನ್ನ ಮಗನ್ನ ಸಾಯಸ್ತಿ, ಬಿಡಽ!"

ನನ್ನ ಅಂಗೈಯೊಳಗೆ ಒಂದು ಗಾಲಿ ಬಂತು. ಕಪ್ಪು, ಗುಂಡಗೆ, ಜೊಲ್ಲು ಮೆತ್ತಿದ್ದು. ಇನ್ನೊಂದು ಗಾಲಿ ಬಂತು. ಆಮೇಲೆ ಪಂಕದ ಮೂಗು.

ನಾನು ಕೈ ತೆಗೆದೆ. ಇವರು ಕೆಮ್ಮಿ ಕೆಮ್ಮಿ ಉಗುಳಿದರು. ಉಗುಳಿದ್ದು ಕೆಂಪಗಿತ್ತು. ಗುಟಕಾ ಅಲ್ಲ, ರಕ್ತ. ಬಾಯಿಯ ಬಲಮೂಲೆ ಸೀಳಿಹೋಗಿತ್ತು. ಕಟ್ಟೆಯ ಮೇಲೆ ಬಿದ್ದಿದ್ದ ಪಾಕೀಟು ವಿಮಾನದ್ದು. ಇಪ್ಪತ್ತು ವರ್ಷ ಹಲ್ಲಿನಿಂದ ಪಾಕೀಟು ಹರಿದು ಬಾಯಿಗೆ ಸುರಿದ ಮನುಷ್ಯ, ತಲೆಯಲ್ಲಿ ಮೂಡಲಗಿಯ ನಗು ತುಂಬಿಕೊಂಡು, ಕೈಗೆ ಬಂದ ಪಾಕೀಟನ್ನು ಹರಿದು ಬಾಯಿಗೆ ಸುರಿದಿದ್ದರು. ಕೈಗೆ ತಾನೇ ಏನು ಗೊತ್ತು, ಇದು ಆ ಪಾಕೀಟೋ ಈ ಪಾಕೀಟೋ ಅಂತ.

"ಮುಗೀತೇನು ನಿನ್ನ ತಪಾಸಣಿ?" ಅಂದರು ಇವರು. ಮೆಲ್ಲಗೆ ಅಂದರು. ಅದನ್ನೇ ನನಗೆ ತಡೆಯಲಾಗಲಿಲ್ಲ.

ತಪ್ಪಾಯಿತು ಅನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ನಾಚಿಕೆಯಾದಾಗ ನನಗೆ ಸಿಟ್ಟು ಬರುತ್ತದೆ, ಹುಟ್ಟುಗುಣ. "ಕಳ್ಳರ ಗತೆ ಬೆನ್ನ ತಿರುಗಿಸಿ ಕುಂತ್ರ ನಾ ಏನ ತಿಳ್ಕೋಬೇಕ್ರಿ?" ಅಂದೆ.

"ಕಳ್ಳ ಅಂತನ ತಿಳ್ಕೊ. ಜೇಬ ನೋಡಿದಿ. ಬಾಯಿ ನೋಡಿದಿ. ಇನ್ನ ಹೊಟ್ಟಿ ಸೀಳಿ ನೋಡು. ತಿಂದ್ರೂ ಕಳ್ಳ, ಬಿಟ್ರೂ ಕಳ್ಳ ಅಂದಮ್ಯಾಲ ಯಾಕ ಬಿಡಲಿ?"

"ಹೋಗ್ರಿ ಹಂಗಾದ್ರ! ಹೋಗಿ ತಿನ್ರಿ!"

ಇವರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಗೇಟು ಕೂಡ ಹಾಕಲಿಲ್ಲ.

ನಾನು ಅಲ್ಲೇ ನಿಂತೆ. ಕೈಯಲ್ಲಿ ಗಾಲಿಗಳಿದ್ದವು. ಹೋಗಲಿ, ನನಗೇನು, ನಾಳೆಯೇ ದಡ್ಡಿಯ ಬಸ್ಸು ಹತ್ತುತ್ತೇನೆ, ಹೆಣ್ಣುಮಗಳೊಬ್ಬಳು ಎಷ್ಟು ಅಂತ ಕಾಯಲಿ, ಹೀಗೆಲ್ಲ ಅಂದುಕೊಂಡೆ. ಅತ್ತೆ ಬಗ್ಗಿ ಪಾಕೀಟನ್ನು ಎತ್ತಿ, ಒಳಗೆ ಕಣ್ಣಿಟ್ಟು ನೋಡಿ, ನೆಲ ತಡವಿದಳು.

"ಇದ್ರಾಗ ಒಂದ ಸಣ್ಣ ಮನಶಾ ಇದ್ನಲ್ಲವಾ. ಅವನೆಲ್ಲಿ?"

ಪೈಲಟ್. ಡಬ್ಬಿ ಝಾಡಿಸಿದೆ. ಕಟ್ಟೆಯ ಸಂದು ನೋಡಿದೆ. ಇಲ್ಲ. ಇವರು ಕೆಮ್ಮಿದ್ದು ನೆನಪಾಯಿತು. ನಾನು ಬೆರಳು ತುರುಕಿದಾಗ ಒಳಗೆ ನೂಕಿಬಿಟ್ಟೆನೋ ಏನೋ. ಗಂಟಲಲ್ಲಿ ಸಿಕ್ಕಿಕೊಂಡರೆ? ದಾರಿಯಲ್ಲಿ ಉಸಿರು ಕಟ್ಟಿದರೆ? ಸತ್ಯ ಹೇಳುತ್ತೇನೆ, ಅವರು ಗುಟಕಾ ಹಾಕಿಕೊಳ್ಳುತ್ತಾರೆ ಅನ್ನುವ ಭಯ ಹೆಚ್ಚೋ, ಪೈಲಟ್ ನುಂಗಿದ್ದಾರೆ ಅನ್ನುವ ಭಯ ಹೆಚ್ಚೋ ಆಗ ನನಗೆ ತಿಳಿಯಲಿಲ್ಲ. ಎರಡಕ್ಕೂ ಓಡಬೇಕಿತ್ತು, ಓಡಿದೆ. ಕಾಲಲ್ಲಿ ಚಪ್ಪಲಿ ಇಲ್ಲ, ಕೊರಳಲ್ಲಿ ಅಳತೆ ಟೇಪು.

ಬಸ್ ನಿಲ್ಲುವಲ್ಲಿ ಬಾಳೇಶನ ಪಾನ್ ಅಂಗಡಿ. ಅಲ್ಲಿ ಹೆಂಗಸರು ನಿಲ್ಲುವುದಿಲ್ಲ, ದಾಟಿ ಹೋಗುವಾಗಲೂ ಸೆರಗು ಸರಿಮಾಡಿಕೊಂಡು ಆಚೆ ಬದಿಯಿಂದ ಹೋಗುತ್ತೇವೆ. ಅವತ್ತು ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲಾಗಿ ಹೊರಟಿದ್ದವು, ಒಂದೊಂದರ ಮೇಲೂ ಎದೆ ನಡುಗಿಸುವ ಸ್ಪೀಕರು, ಒಂದೊಂದರಲ್ಲೂ ಬೇರೆ ಹಾಡು. ರಸ್ತೆಯ ಈಚೆ ನಾನು, ಆಚೆ ಇವರು. ಟ್ರ್ಯಾಕ್ಟರಿನ ಟ್ರಾಲಿಗಳ ನಡುವಿನ ಸಂದಿಯಲ್ಲಿ ಕಂಡರು. ಬಾಳೇಶ ತೋರಣದ ಹಾಗೆ ತೂಗುಬಿಟ್ಟ ಗುಟಕಾ ಸರದಿಂದ ಒಂದು ಪಾಕೀಟು ಹರಿದು ಕೊಟ್ಟ. ಇವರು ಅದನ್ನು ಹಲ್ಲಿಗೆ ಕಚ್ಚಿದರು.

"ಏನ್ರಿ!" ಅಂತ ಕೂಗಿದೆ. ಯಾರಿಗೂ ಕೇಳಿಸಲಿಲ್ಲ. "ಏನ್ರಿ, ಇಲ್ನೋಡ್ರಿ!" ಒಬ್ಬ ಟ್ರ್ಯಾಕ್ಟರಿನವ ನನ್ನ ಕಡೆ ನೋಡಿ ಮುಂದೆ ಹೋದ.

ನಮ್ಮ ಕಡೆ ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ. ಮದುವೆಯ ದಿನ ಒಡಪಿನ ಪದ್ಯದಲ್ಲಿ ಸೇರಿಸಿ ಒಂದು ಸಲ ಹೇಳಿಸಿದರು, ಅಷ್ಟೇ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರೇನು ಅಂದರೂ ಬಾಜೂ ನಿಂತವರ ಕಡೆಯಿಂದ ಹೇಳಿಸುವವಳು ನಾನು. ಅವತ್ತು ಎಲ್ಲಿತ್ತೋ ಆ ದನಿ.

"ಮಾಲಿಂಗಾ!"

ಅದೇನೋ, ಆ ಹೊತ್ತಿಗೆ ಸರಿಯಾಗಿ ಒಂದು ಟ್ರ್ಯಾಕ್ಟರ್ ದಾಟಿತ್ತು, ಇನ್ನೊಂದು ಬಂದಿರಲಿಲ್ಲ. ಇಡೀ ಸ್ಟ್ಯಾಂಡಿಗೇ ಕೇಳಿಸಿತು. ಅಂಗಡಿಯ ಮುಂದೆ ನಿಂತ ಗಂಡಸರೆಲ್ಲ ತಿರುಗಿದರು. ಇವರೂ ತಿರುಗಿದರು. ಹಲ್ಲಿನ ಸಂದಿಯಲ್ಲಿ ಹರಿದ ಪಾಕೀಟಿನ ತುಂಡು ಹಾಗೇ ಇತ್ತು.

ರಸ್ತೆ ದಾಟಿ ಹೋಗಿ ಎದುರಿಗೆ ನಿಂತೆ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಯೋಚಿಸಿರಲಿಲ್ಲ. ಏದುಸಿರು ಬೇರೆ. ಬಾಯಿಗೆ ಬಂದದ್ದನ್ನು ಕೇಳಿದೆ.

"ಪೈಲಟ್ ನುಂಗೀರೇನ್ರಿ?"

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಳೇಶ ಗಲ್ಲಾದ ಹಿಂದಿನಿಂದ ಬಗ್ಗಿ, "ಏನ ನುಂಗ್ಯಾರ್ರಿ ವೈನಿ?" ಅಂದ.

"ವಿಮಾನದಾಂವ. ವಿಮಾನದಾಗ ಕುಂಡ್ರಾಂವ" ಅಂದೆ. ನನ್ನ ಮುಷ್ಟಿ ಬಿಚ್ಚಿ ಗಾಲಿ ತೋರಿಸಿದೆ, ಅದರಿಂದ ಅವರಿಗೆ ಏನು ತಿಳಿದೀತು ಅಂತ ಕಾಣೆ. ಯಾರೋ ಕಿಸಕ್ಕೆಂದರು.

ಇವರು ಹಲ್ಲಿನಲ್ಲಿದ್ದ ತುಂಡನ್ನು ಉಗುಳಿದರು. ಆಮೇಲೆ ಎಡಗೆನ್ನೆಯೊಳಗೆ ಬೆರಳು ಹಾಕಿ, ಮೂಲೆಯಿಂದ ಏನೋ ಹೊರಳಿಸಿ ತೆಗೆದು, ಅಂಗೈ ಮೇಲೆ ಇಟ್ಟರು. ಟೋಪಿ ಹಾಕಿಕೊಂಡ, ತೋಳು ಮಡಚಿ ಕೂತ ಪುಟ್ಟ ಮನುಷ್ಯ. ಗುಟಕಾ ಇಟ್ಟುಕೊಳ್ಳುತ್ತಿದ್ದ ಜಾಗದಲ್ಲೇ ಇದ್ದ. ಇಟ್ಟುಕೊಂಡೇ ನನ್ನ ಜೊತೆ ಜಗಳಾಡಿದ್ದರು. ಬಾಯಲ್ಲಿ ಇಟ್ಟುಕೊಂಡು ಮಾತಾಡುವುದು ಇವರಿಗೆ ಹೊಸದೇನಲ್ಲವಲ್ಲ.

"ಹಾಕ್ಕೊಂಡ್ರೇನು?" ಅಂತ ಕೇಳಿದೆ, ಪಾಕೀಟಿನ ಕಡೆ ನೋಡಿ.

"ಇನ್ನೂ ಹಾಕ್ಕೊಂಡಿಲ್ರಿ ವೈನಿ, ದೇವರಾಣೆ" ಅಂದ ಬಾಳೇಶ. ಅವನನ್ನು ಯಾರೂ ಕೇಳಿರಲಿಲ್ಲ.

ಇವರು ಹರಿದ ಪಾಕೀಟನ್ನು ಬೋರಲು ಮಾಡಿದರು. ಪುಡಿ ನೆಲಕ್ಕೆ ಬಿತ್ತು. ತಟ್ಟಲಿಲ್ಲ. ನಡಿ ಅಂತ ನನಗೆ ಗೋಣು ಆಡಿಸಿ ಮುಂದೆ ಹೊರಟರು. ಮತ್ತೆ ಟ್ರ್ಯಾಕ್ಟರಿನ ಹಾಡು ಶುರುವಾಗಿದ್ದರಿಂದ ಹಿಂದೆ ಗಂಡಸರು ಏನು ಅಂದರೋ ನಮಗೆ ಕೇಳಿಸಲಿಲ್ಲ.

ಹಾದಿಯಲ್ಲಿ ಸ್ವಲ್ಪ ದೂರ ಬಂದ ಮೇಲೆ ಇವರೇ ಮಾತು ತೆಗೆದರು.

"ಅಂವ ಬಾಯಾಗ ಅದಾನಂತ ನನಗ ಹಾದ್ಯಾಗ ಗೊತ್ತಾತು. ಉಗುಳಬೇಕಂದೆ. ಉಗುಳಲಿಲ್ಲ."

"ಯಾಕ್ರಿ?"

"ಗುಟಕಾ ಹಾಕ್ಕೋಬೇಕಂದ್ರ ಮೊದಲ ಇವನ್ನ ತಗೀಬೇಕಲ್ಲ. ತಗದ್ರ ಹಾಕ್ಕೊಂಡ ಬಿಡ್ತೇನಿ ಅಂತ ಗೊತ್ತಿತ್ತು. ಪಾಕೀಟ ಹರದೆ, ಖರೆ. ಮುಂದ ಏನ ಮಾಡಬೇಕು ತಿಳೀಲಿಲ್ಲ. ನಾಲಗಿಲೆ ಅವನ್ನ ಒತ್ತಿ ಹಿಡಕೊಂಡ ನಿಂತಿದ್ದೆ. ನೀ ಕೂಗಿದಿ."

ಅಲ್ಲಿ ನಿಂತು, ಅಷ್ಟು ಜನರ ನಡುವೆ, ಬೆರಳ ತುದಿಯಷ್ಟು ಪ್ಲಾಸ್ಟಿಕ್ಕನ್ನು ನಾಲಿಗೆಯಿಂದ ಅದುಮಿ ಹಿಡಿದುಕೊಂಡ ಈ ಮನುಷ್ಯನ ಬಾಯಿಯನ್ನು ನಾನು ಸೀಳಿದ್ದೆ. "ತಪ್ಪಾತ್ರಿ" ಅಂದೆ. ಅಂದಮೇಲೆ ಇನ್ನೊಂದು ಸಲ ಅಂದೆ. ಇವರು "ಹೆಸರಾ ಹಿಡದ ಕರದಿ" ಅಂದರು, ಇನ್ನೂ ನಂಬಿಕೆಯಾಗದವರ ಹಾಗೆ. "ಮಂದಿ ಮುಂದ."

ಮನೆಯಲ್ಲಿ ಅತ್ತೆ ಗೇಟಿನಲ್ಲೇ ನಿಂತಿದ್ದಳು. ಮಗನ ಅಂಗೈಯಲ್ಲಿ ಪೈಲಟ್ಟನನ್ನು ನೋಡಿ ಎದೆಗೆ ಕೈ ಹಚ್ಚಿಕೊಂಡಳು. ಉಪ್ಪು ನೀರು ಕಾಸಿ ಕೊಟ್ಟೆ, ಬಾಯಿ ಮುಕ್ಕಳಿಸಿದರು. ಮೊದಲ ನೀರು ಕೆಂಪಗೆ ಬಂತು, ಆಮೇಲಿನದು ತಿಳಿಯಾಯಿತು. ಪೈಲಟ್ಟನನ್ನು ತೊಳೆದು ಅವನ ಕುರ್ಚಿಯಲ್ಲಿ ಕೂರಿಸಿದರು, ಗಾಜಿನ ಮುಚ್ಚಳ ಒತ್ತಿದರು. ಗಾಲಿ ಹಚ್ಚಿದರು. ಎಲ್ಲ ಹತ್ತಿತು. ವಿಮಾನ ಅತ್ತೆಯ ಮಂಚದ ಮೇಲೆ ನಿಂತಿತು, ನಾವು ಮೂವರೂ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು. ತಿರುಗಿ ಬಿಚ್ಚುತ್ತಾರೇನೋ ಅಂದುಕೊಂಡೆ. ಬಿಚ್ಚಲಿಲ್ಲ. ತೊಡೆ ಮಾತ್ರ ಅಲ್ಲಾಡುತ್ತಿತ್ತು.

ದೀಪ ಹಚ್ಚಿ ಒಳಗೆ ಬಂದು ನಾನು ಬಿದ್ದ ಕುರ್ಚಿ ಎತ್ತಿ ಮಷಿನ್ ಮುಂದೆ ಕೂತೆ. ಟಾರ್ಚು ಎತ್ತಿಕೊಳ್ಳಲಿಲ್ಲ. ಇವರು ಬಂದು ದಿನಾ ಕೂರುವ ಮಣೆಯ ಮೇಲೆ ಕೂತರು.

"ನೋಡಂಗಿಲ್ಲೇನು?"

"ಇಲ್ರಿ. ಸಾಕು. ಇನ್ನ ಮ್ಯಾಲ ನೋಡಂಗಿಲ್ಲ. ನಂಬ್ತೇನಿ."

ಇದನ್ನು ಕೇಳಿದರೆ ಇವರಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಮುಖ ನೋಡಿದರೆ ಬೇರೆಯೇ ಇತ್ತು. ಗೋಕಾಕದಲ್ಲಿ ಡಾಕ್ಟರಮ್ಮ ಹೇಳುವಾಗ ಗೋಡೆ ನೋಡುತ್ತ ಕೂತವರ ಮುಖದಲ್ಲಿ ಕಾಣದ ಹೆದರಿಕೆ ಈಗ ಕಂಡಿತು.

"ಹಂಗ ಅನಬ್ಯಾಡ ಅರ್ಚನಾ" ಅಂದರು. "ನೀ ನಂಬಿಬಿಟ್ರ ನನ್ನ ಕಾಯವರು ಯಾರು? ನಾಳಿ ಮೂಡಲಗಿಗೆ ಮತ್ತ ಹೋಗೂದೈತಿ. ಯಲ್ಲಾಲಿಂಗ ಮತ್ತ ಕೈ ಮುಂದ ಮಾಡ್ತಾನ. ಸಂಜಿಗೆ ಬಾಯಿ ತೋರಸಬೇಕು ಅನ್ನೂದ ಒಂದ ನೆನಪ ಇದ್ರ ಒಲ್ಲೆ ಅಂತೇನಿ. ನನ್ನ ನಾ ನಂಬಂಗಿಲ್ಲ. ನೀ ನಂಬಬ್ಯಾಡ. ನೋಡು."

ಬಾಯಿ ತೆರೆದರು.

ನಾನು ಎದ್ದು ಎದುರಿಗೆ ಕೂತೆ. ತೋರುಬೆರಳು ಇಟ್ಟೆ, ಅದರ ಮೇಲೆ ನಡುಬೆರಳು. ಸೀಳಿದ ಮೂಲೆಗೆ ಬೆರಳು ತಾಗಿತು, ಇವರ ಕಣ್ಣಲ್ಲಿ ನೀರು ಬಂತು. ಕೈ ತೆಗೆಯಲು ಹೋದೆ. ನನ್ನ ಮಣಿಕಟ್ಟು ಹಿಡಿದು ಅಲ್ಲೇ ಇಟ್ಟುಕೊಂಡರು, ಬಾಯಿಯನ್ನು ಇನ್ನೂ ಸ್ವಲ್ಪ ತೆರೆಯಲು ನೋಡಿದರು.

"ಹೋದೂರಿ" ಅಂದೆ. "ಎರಡೂ ಹೋದೂ." ಅಷ್ಟು ಹೇಳುವುದರಲ್ಲಿ ನನಗೂ ಅಳು ಬಂತು.